ಅಣ್ಣ ಎತ್ತಿದ ಹಲಗೆ

ಪಂದ್ಯಕ್ಕೆ ಇನ್ನು ಹತ್ತು ನಿಮಿಷವಿದ್ದಾಗ ಅಣ್ಣನ ಮಗಳು ನನ್ನ ಹತ್ತಿರ ಬಂದು ಪಿಸುಗುಟ್ಟಿದಳು.

"ಅತ್ತೆ, ಮ್ಯಾಚ್ ಮುಗಿದ್ಮೇಲೆ ಈ ಶೂ ಬಿಚ್ಚಿ ಕೊಡ್ತೀನಿ. ಯಾರಿಗಾದ್ರೂ ಕೊಟ್ಬಿಡು."

ಹನ್ನೊಂದು ವರ್ಷದ ಹುಡುಗಿ. ಬಾಸ್ಕೆಟ್‌ಬಾಲ್ ಎಂದರೆ ಊಟ ನಿದ್ದೆ ಬಿಡುವವಳು.

"ಯಾಕೇ? ಏನಾಯ್ತು?"

"ಅಪ್ಪ ಕೂಗ್ತಾನೆ. ಬಾಲ್ ಕೈಗೆ ಬಂದ್ರೆ ಕೈಯೇ ನಡುಗುತ್ತೆ. ಇವತ್ತೇ ಕೊನೆ, ನಾನಿನ್ನು ಆಡಲ್ಲ."

ನಾನು ಬಗ್ಗಿ ಅವಳ ಲೇಸು ಬಿಗಿದೆ.

ಅಣ್ಣನ ಕೆಲಸವೇ ಕೂಗುವುದು. ಬಸ್ ನಿಲ್ದಾಣದಲ್ಲಿ ಯಾವ ಬಸ್ಸು ಯಾವಾಗ ಹೊರಡುತ್ತದೆಂದು ಮೈಕಿನಲ್ಲಿ ಹೇಳುತ್ತಾನೆ. ಮೈಕು ಕೆಟ್ಟಿದೆ ಎಂದು ಪ್ರಯಾಣಿಕರಿಗೆ ಗೊತ್ತೇ ಆಗುವುದಿಲ್ಲ, ಅಷ್ಟು ದೊಡ್ಡ ದನಿ. ಮಗಳ ಮೇಲಿನ ಪ್ರೀತಿಯೂ ಅದೇ ಗಂಟಲಿನಿಂದ ಹೊರಬರುತ್ತದೆ, ಏನು ಮಾಡುವುದು!

ನಾನು ವಾರವಿಡೀ ಕನ್ನಡಕದ ಅಂಗಡಿ ನಡೆಸುವವಳು, ಭಾನುವಾರ ಮಕ್ಕಳ ಪಂದ್ಯಗಳಿಗೆ ರೆಫರಿ. ನಮ್ಮಲ್ಲಿ ವಿಸಲ್ ಹಿಡಿಯುವವರು ಇಬ್ಬರೇ. ಇನ್ನೊಬ್ಬರ ಕಾಲಿಗೆ ಪ್ಲಾಸ್ಟರ್ ಬಿದ್ದಿದ್ದರಿಂದ, ನಾನು ಹುಡುಗಿಯ ಅತ್ತೆ ಎಂದು ಗೊತ್ತಿದ್ದೂ ಎರಡು ತಂಡದವರೂ ಒಪ್ಪಿದ್ದರು. ಒಪ್ಪಿದ್ದನ್ನು ಮೊದಲ ಫೌಲ್‌ಗೇ ಮರೆತರು.

"ಕಣ್ಣು ಕಾಣಲ್ವೇನ್ರೀ ನಿಮ್ಗೆ?" ಎದುರು ತಂಡದ ಕೋಚ್ ಗೆರೆ ದಾಟಿ ನುಗ್ಗಿ ಬಂದರು. ಅವರ ಮೂಗಿನ ಮೇಲಿದ್ದ ಕನ್ನಡಕ ಹೋದ ತಿಂಗಳು ನಾನೇ ಕೊಟ್ಟಿದ್ದು.

"ನನಗೆ ಕಾಣ್ತಿದೆ ಸರ್. ನಿಮ್ಗೆ ಗೆರೆ ಕಾಣ್ತಿಲ್ಲ ಅಂದ್ರೆ ನಾಳೆ ಅಂಗಡಿಗೆ ಬನ್ನಿ, ಪವರ್ ಬದಲಾಗಿರ್ಬೇಕು."

ಬೆಂಚಿನ ಮೇಲಿದ್ದ ಅವರದೇ ಹುಡುಗಿಯರು ಕಿಸಕ್ಕನೆ ನಕ್ಕರು. ಕೋಚ್ ಪೆಚ್ಚಾಗಿ ಹಿಂದೆ ಸರಿದರು.

ಕೋಚ್‌ಗಳನ್ನು ಹೇಗೋ ಸಂಭಾಳಿಸಬಹುದು. ಒಡಹುಟ್ಟಿದವನನ್ನು?

"ಪಾಸ್ ಮಾಡೇ! ಬೇಡ ಬೇಡ, ಶೂಟ್ ಮಾಡು! ಓಡು! ಏಯ್, ನಿಲ್ಲು!" ಮೆಟ್ಟಿಲ ಮೇಲೆ ಕೂತ ಅಣ್ಣನದು ಎಲ್ಲವೂ ಒಂದೇ ಉಸಿರಿನಲ್ಲಿ. ಪಾಪ, ಹುಡುಗಿ ಓಡಲೋ ನಿಲ್ಲಲೋ ತಿಳಿಯದೆ ಚೆಂಡನ್ನೇ ಕೈಬಿಟ್ಟಳು. ಆಮೇಲೆ ನನ್ನ ಸರದಿ. "ಅದು ಫೌಲ್ ಅಲ್ವೇನೇ? ಮನೆಗೆ ಬಾ, ಮಾಡ್ತೀನಿ ನಿನ್ಗೆ!"

ಪೋಷಕರೆಲ್ಲ ಗೊಳ್ಳೆಂದರು. ನನ್ನ ಪಿತ್ತ ನೆತ್ತಿಗೇರಿತು. ಅವನನ್ನು ಹೊರಗೆ ಕಳಿಸುವ ಅಧಿಕಾರ ನನಗಿತ್ತು. ಆದರೆ ಎಲ್ಲರೆದುರು ಅಪ್ಪನನ್ನು ಹೊರಗೆ ಹಾಕಿದರೆ ಆ ಮಗು ಶೂ ಮಾತ್ರವಲ್ಲ, ಈ ಮೈದಾನದ ದಾರಿಯನ್ನೇ ಬಿಟ್ಟುಬಿಡುತ್ತಿತ್ತು.

ಮೊದಲ ಸುತ್ತು ಮುಗಿದಾಗ ಸ್ಕೋರ್ ಮೇಜು ಕಣ್ಣಿಗೆ ಬಿತ್ತು. ನಮ್ಮಲ್ಲೊಂದು ಪದ್ಧತಿಯಿದೆ. ಆತಿಥೇಯ ತಂಡದ ಪೋಷಕರೊಬ್ಬರು ಆ ಮೇಜಿನಲ್ಲಿ ಕೂತು ಅಂಕ ತಿರುಗಿಸಬೇಕು, ಯಾರದು ಎಷ್ಟನೇ ಫೌಲ್ ಎಂದು ಬರೆದು ಆ ನಂಬರಿನ ಹಲಗೆ ಎತ್ತಿ ತೋರಿಸಬೇಕು. ಅಲ್ಲಿ ಕೂತವರು ತುಟಿಪಿಟಕ್ ಅನ್ನುವಂತಿಲ್ಲ. ಅಂದು ಕೂತಿದ್ದ ತಾಯಿ ಆಕಳಿಸುತ್ತಿದ್ದರು. ಜಾಗ ಬಿಟ್ಟುಕೊಡ್ತೀರಾ ಎಂದು ಕೇಳಿದ್ದೇ ತಡ, ಖುಷಿಯಿಂದ ಎದ್ದರು.

"ಅಣ್ಣಾ, ಕೆಳಗಿಳಿದು ಬಾ. ನಿನ್ಗೆ ಕೆಲ್ಸ ಇದೆ."

"ನಾನಾ? ಇದೆಲ್ಲ ನಂಗೇನೇ ಗೊತ್ತು?"

"ಇಷ್ಟೊತ್ತು ಎಲ್ಲಾ ಗೊತ್ತಿತ್ತಲ್ಲ!"

ಗೊಣಗುತ್ತಾ ಬಂದು ಕೂತ. ಕೂತವನು ಗಡಿಬಿಡಿಯಲ್ಲಿ ಎದುರು ತಂಡದ ಎರಡು ಅಂಕವನ್ನು ನಮ್ಮ ತಂಡಕ್ಕೆ ತಿರುಗಿಸಿಬಿಟ್ಟ. ಎರಡೂ ಕಡೆಯ ಪೋಷಕರು ಅವನ ಮೇಲೆ ಮುಗಿಬಿದ್ದರು. "ರೀ, ನಿದ್ದೆ ಮಾಡ್ತಿದೀರಾ?" ಅಣ್ಣನ ಮುಖ ಕೆಂಪಾಯಿತು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು, ಸುಳ್ಳೇಕೆ ಹೇಳಲಿ.

ಹುಡುಗಿ ಮೊದಮೊದಲು ಚೆಂಡು ಸಿಕ್ಕಾಗೆಲ್ಲ ಅಪ್ಪ ಕೂರುತ್ತಿದ್ದ ಮೆಟ್ಟಿಲ ಕಡೆ ನೋಡುತ್ತಿದ್ದಳು. ಅಲ್ಲಿಂದ ದನಿಯೇ ಇಲ್ಲ. ನಿಧಾನಕ್ಕೆ ಅತ್ತ ನೋಡುವುದನ್ನೇ ಬಿಟ್ಟಳು. ಕೊನೆಯ ಸುತ್ತಿನಲ್ಲಿ ಮೂಲೆಯಿಂದ ಎಸೆದ ಚೆಂಡು ನೆಟ್ಟಗೆ ಬುಟ್ಟಿಗೆ ಬಿತ್ತು. ಅಣ್ಣ ಎದ್ದ, ಬಾಯಿ ತೆರೆದ, ತಕ್ಷಣ ಕರ್ಚೀಫು ಬಾಯಿಗೆ ತುರುಕಿಕೊಂಡು ಅಂಕ ತಿರುಗಿಸಿದ. ನಗು ತಡೆಯಲಾಗದೆ ನನ್ನ ಬಾಯಿಂದ ವಿಸಲ್ ಜಾರಿತು.

ಒಂದು ನಿಮಿಷ ಉಳಿದಿತ್ತು, ನಮ್ಮವರು ಒಂದು ಅಂಕ ಮುಂದಿದ್ದರು. ಆಗ ಅಣ್ಣನ ಮಗಳು ಬುಟ್ಟಿಗೆ ಎಸೆಯುತ್ತಿದ್ದ ಎದುರು ತಂಡದವಳ ಕೈಗೆ ಹೊಡೆದಳು. ವಿಸಲ್ ಊದಿದೆ. ಎಷ್ಟನೇ ಫೌಲ್ ಎಂದು ನನಗೆ ನೆನಪಿರಲಿಲ್ಲ, ಆ ಗದ್ದಲದಲ್ಲಿ ಕೋಚ್‌ಗಳೂ ಎಣಿಸಿರಲಿಲ್ಲ. ಲೆಕ್ಕವಿದ್ದದ್ದು ಅಣ್ಣನ ಹಾಳೆಯಲ್ಲಿ ಮಾತ್ರ. ಐದಾದರೆ ಆಟಗಾರ್ತಿ ಹೊರಗೆ.

ಅಣ್ಣ ಹಾಳೆ ನೋಡಿದ. ಮತ್ತೆ ನೋಡಿದ. ಕೈ ನಾಲ್ಕರ ಹಲಗೆಯ ಮೇಲೆ ಹೋಯಿತು. ಎತ್ತಿದ್ದರೆ ಕೇಳುವವರು ಯಾರೂ ಇರಲಿಲ್ಲ. ಮಗಳು ಅವನನ್ನೇ ನೋಡುತ್ತಿದ್ದಳು. ಅಣ್ಣ ನಾಲ್ಕನ್ನು ಬಿಟ್ಟು ಐದನ್ನು ತೆಗೆದು ತಲೆಯ ಮೇಲೆತ್ತಿ ಹಿಡಿದ. ಅವನ ಬಗ್ಗೆ ನನಗೆ ಅಷ್ಟು ಹೆಮ್ಮೆ ಎಂದೂ ಆಗಿರಲಿಲ್ಲ.

ಎದುರಿನವರು ಫೌಲಿಗೆ ಸಿಕ್ಕ ಎರಡೂ ಫ್ರೀ ಥ್ರೋ ಬುಟ್ಟಿಗೆ ಹಾಕಿ ಒಂದು ಅಂಕದಿಂದ ಗೆದ್ದರು. ಅವರ ಕೋಚ್ ಅಣ್ಣನ ಕೈ ಕುಲುಕಿ, ನನ್ನತ್ತ ತಿರುಗಿ, "ನಾಳೆ ಅಂಗಡಿಗೆ ಬರ್ತೀನಿ ಮೇಡಂ, ಸ್ಕ್ರೂ ಸಡಿಲ ಆಗಿದೆ" ಎಂದರು.

"ಕನ್ನಡಕದ್ದು ತಾನೇ?" ಎಂದೆ.

ಹುಡುಗಿ ಬೆಂಚಿನ ಮೇಲೆ ಕೂತು ಲೇಸು ಬಿಚ್ಚುತ್ತಿದ್ದಳು. ಶೂ ಇನ್ನು ನನ್ನ ಕೈಗೇ ಬರುತ್ತದೆ ಅಂದುಕೊಂಡೆ. ಅಣ್ಣ ಅವಳೆದುರು ಕುಕ್ಕರುಗಾಲಲ್ಲಿ ಕೂತ.

"ಪುಟ್ಟಿ, ನಾನೇ ನಿನ್ನ ಹೊರಗೆ ಹಾಕ್ದೆ. ಬೇಜಾರಾಯ್ತಾ?"

"ಐದಾಗಿತ್ತಲ್ಲಪ್ಪ, ನಾನೂ ಎಣಿಸ್ತಿದ್ದೆ." ಅವಳು ಕಾಲ್ಬೆರಳು ತಿಕ್ಕಿಕೊಂಡು ಒಮ್ಮೆ ನನ್ನ ಕಡೆ ನೋಡಿದಳು. "ಅಪ್ಪಾ, ಈ ಶೂ ಬಿಗಿಯಾಗ್ತಿದೆ. ಮುಂದಿನ ವಾರಕ್ಕೆ ದೊಡ್ಡದು ಬೇಕು. ಮತ್ತೆ ನೀನು ಮೇಜಿನ ಹತ್ರಾನೇ ಕೂತ್ಕೋಬೇಕು."

"ಆಯ್ತು ಕಂದ" ಎಂದ ಅಣ್ಣ. ಎರಡಡಿ ದೂರದಲ್ಲಿದ್ದ ನನಗೇ ಸರಿಯಾಗಿ ಕೇಳಿಸಲಿಲ್ಲ, ಅಷ್ಟು ಮೆಲ್ಲಗೆ.