ಹಸಿ ಗುಲಗಂಜಿ

ಯಾಸ್ಮೀನಳ ಫ್ರಾಕಿನ ಕಿಸೆಯಲ್ಲಿ ಸಿಕ್ಕ ಕಾಯಿಗಳು ಗದಗಿನ ಆಸ್ಪತ್ರೆಯಲ್ಲಿ ಯಾರಿಗೂ ಗುರುತು ಹತ್ತಲಿಲ್ಲ. ಗಿಡ್ಡನೆಯ ಹಸಿರು ಕಾಯಿ, ತುದಿಗೆ ಸಣ್ಣ ಕೊಕ್ಕು. ಬಿಡಿಸಿದರೆ ಒಳಗೆ ಮೆತ್ತಗಿನ ಬಿಳಿ ಕಾಳು.

"ಬಟಾಣಿ ಇರಬೇಕ್ರಿ," ಎಂದಳು ಕಸ ಗುಡಿಸುವ ಶೇಖವ್ವ. "ಅಂಗಡ್ಯಾಗಿನ ಪಾಕೀಟು ಬಿಟ್ಟು ಕಾಯಿಪಲ್ಲೆ ತಿನ್ನೋ ಹುಡುಗಿ ಅಂದ್ರ ಪುಣ್ಯಾ ಮಾಡೀರಿ ಬಿಡ್ರಿ."

ಬೆಳಗಿನಿಂದ ವಾಂತಿ ಮಾಡುತ್ತಿದ್ದ ಹುಡುಗಿಗೆ ಈಗ ವಾಂತಿಯಲ್ಲಿ ರಕ್ತ ಬೀಳುತ್ತಿತ್ತು. ಅಜ್ಜಿ ಮೋತಿಬಿ ಮೊಮ್ಮಗಳ ಪಾದ ತಿಕ್ಕುತ್ತ, "ರೊಟ್ಟಿ ಬಿಟ್ಟು ಏನೂ ತಿಂದಿಲ್ರಿ" ಎಂದು ಮತ್ತೆ ಮತ್ತೆ ಹೇಳುತ್ತಿದ್ದಳು.

ಸೊರಟೂರಿನಿಂದ ಜೊತೆಗೆ ಬಂದಿದ್ದ ನೆರೆಮನೆಯ ಅನ್ನಪೂರ್ಣವ್ವ ಒಂದು ಕಾಯಿಯನ್ನು ಕೈಗೆತ್ತಿಕೊಂಡಳು. ಕಾಯಿಗೆ ಅಂಟಿಕೊಂಡು ಒಂದು ಎಲೆ ಬಂದಿತ್ತು, ಹುಣಸೆಯ ಎಲೆಯಂಥದು. ತನ್ನ ಹಿತ್ತಲ ಬೇಲಿಗೆ ಹಬ್ಬಿದ ಬಳ್ಳಿಯದೇ. ಬೀಜ ಬಲಿತು ಕೆಂಪಗಾಗಿ ಕಪ್ಪು ಕಣ್ಣು ಮೂಡಿದ್ದರೆ ಶೇಖವ್ವನೂ ಗುರುತಿಸುತ್ತಿದ್ದಳು. ನಿನ್ನೆ ಹುಡುಗಿ ಕೆಮ್ಮುತ್ತಿದ್ದಾಗ ನಾಲ್ಕು ಎಲೆ ಕಿತ್ತು ಅಗಿಯಲು ಕೊಟ್ಟವಳು ತಾನೇ. ಗಂಟಲಿಗೆ ಹಿತವೆಂದು ಮನೆಮಂದಿಯೆಲ್ಲ ಅಗಿಯುತ್ತ ಬಂದ ಸಿಹಿ ಎಲೆ. ಬೀಜ ವಿಷ ಎಂದು ಹೇಳಲು ಆಗ ಹೊಳೆಯಲಿಲ್ಲ.

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

"ಅದು ಗುಲಗಂಜಿ ಐತ್ರಿ, ಡಾಕ್ಟರ್," ಎಂದಳು. "ನಮ್ಮ ಬೇಲ್ಯಾಗಿಂದು. ಎಲಿ ರುಚಿ ತೋರಿಸಿದಾಕಿ ನಾನ."

"ಬಲಿತ ಬೀಜ ಇಡೀ ನುಂಗಿದ್ರ ಹೊರಗ ಹೋಗತೈತಿ. ನುಂಗ್ಯಾಳೋ, ಕಡದಾಳೋ?" ಎಂದು ಡಾಕ್ಟರು ಕೇಳಿದರು.

ಯಾಸ್ಮೀನ ಕಣ್ಣು ತೆರೆದಳು. "ಕಡದೆ. ಸಿಹಿ ಇರಲಿಲ್ಲ."

ಡಾಕ್ಟರು ಒಂದು ಕಾಳನ್ನು ಬೆರಳಲ್ಲಿ ಒತ್ತಿದರು. ಅದು ಹಿಸುಕಿಹೋಯಿತು; ಬಲಿತ ಬೀಜದ ಗಟ್ಟಿ ಸಿಪ್ಪೆ ಇದಕ್ಕಿರಲಿಲ್ಲ. "ಈ ವಿಷಕ್ಕ ಅಂತ ಮದ್ದಿಲ್ರಿ. ಸಲೈನ್ ಹಚ್ಚಿ ಕಾಯಬೇಕು. ಜಲ್ದಿ ಹುಬ್ಬಳ್ಳಿಗೆ ಒಯ್ಯಿರಿ."

ಶೇಖವ್ವ ತನ್ನ ನೀರಿನ ಬಾಟಲಿಯನ್ನು ಅನ್ನಪೂರ್ಣವ್ವನ ಕೈಗಿಟ್ಟಳು.

ಆಂಬುಲೆನ್ಸಿನಲ್ಲಿ ಒಬ್ಬರಿಗಷ್ಟೇ ಜಾಗವಿತ್ತು. ಅನ್ನಪೂರ್ಣವ್ವ ಹಿಂದೆ ಸರಿದು, ಬೈಗುಳಕ್ಕೆ ಕಾಯುವಂತೆ ತಲೆ ತಗ್ಗಿಸಿ ನಿಂತಳು. ಮೋತಿಬಿ ಅವಳ ಮುಖ ನೋಡಲಿಲ್ಲ. ಮೊಣಕೈ ಹಿಡಿದು ಮೆಟ್ಟಿಲು ಹತ್ತಿಸಿದಳು.

"ನೀ ಹೋಗಕ್ಕ. ಅಲ್ಲಿ ಮತ್ತ ಕೇಳ್ತಾರ, ಏನ್ ತಿಂದಾಳ ಅಂತ. ನನಗ ಹೇಳಾಕ ಬರಂಗಿಲ್ಲ. ನಾ ಬಸ್ಸಿಗೆ ಬರ್ತೀನಿ."

ಹುಲಕೋಟಿ ದಾಟುವಷ್ಟರಲ್ಲಿ ಹುಡುಗಿಯ ಕೈ ತಣ್ಣಗಾಗಿತ್ತು. ಉಸಿರು ಮಾತ್ರ ಇತ್ತು. ಅನ್ನಪೂರ್ಣವ್ವ ಆ ಕೈಯನ್ನು ತನ್ನ ಎರಡೂ ಅಂಗೈಗಳ ನಡುವೆ ಇಟ್ಟುಕೊಂಡು, ಹುಬ್ಬಳ್ಳಿಯಲ್ಲಿ ಹೇಳಬೇಕಾದದ್ದನ್ನು ಮೊದಲಿನಿಂದ ಜೋಡಿಸತೊಡಗಿದಳು.