ಆರಿಸಬಾರದ ಕಂಪ್ಯೂಟರ್

ನೀರು ಪರೀಕ್ಷಿಸುವ ನಮ್ಮ ಲ್ಯಾಬಿನ ಮೂಲೆಯಲ್ಲಿ ಅಳತೆಯ ಯಂತ್ರಕ್ಕೆ ಜೋಡಿಸಿದ ಕಂಪ್ಯೂಟರನ್ನು ಯಾರೂ ಆರಿಸುವುದಿಲ್ಲ. ಹಿಂದೊಮ್ಮೆ ಆರಿಸಿದಾಗ ಅರ್ಧ ದಿನ ಸತಾಯಿಸಿತ್ತಂತೆ. ಅಂದಿನಿಂದ ಸಂಜೆ ಹೋಗುವವರು ದೀಪ, ಫ್ಯಾನು ಎಲ್ಲ ಆರಿಸಿ, ಅದರ ಪರದೆಗೆ ಮಾತ್ರ ಒಂದು ಟವೆಲ್ ಹೊದಿಸಿ ಹೋಗುತ್ತಾರೆ. ಶನಿವಾರ ಸುಸ್ತಿನಲ್ಲಿ ನಾನು ಅದನ್ನೂ ಆರಿಸಿಬಿಟ್ಟೆ.

ಸೋಮವಾರ ಅದು ಏಳಲಿಲ್ಲ. ಚುಕ್ಕಿಗಳು ಸುತ್ತುತ್ತವೆ, ನೀಲಿ ಪರದೆ ಬರುತ್ತದೆ, ಮತ್ತೆ ಮೊದಲಿನಿಂದ ಚುಕ್ಕಿಗಳು. ಮಧ್ಯಾಹ್ನದ ಹೊತ್ತಿಗೆ ನನಗೂ ತಲೆ ಸುತ್ತತೊಡಗಿತು.

"ನಾಳೆಯಿಂದ ನೀವು ಬಾಟಲಿ ತೊಳೆಯೋ ಕಡೆ ಇರಿ. ಮೆಷಿನ್ ಬೇರೆಯವರು ನೋಡ್ಕೋತಾರೆ," ಎಂದರು ನಮ್ಮ ಮುಖ್ಯಸ್ಥೆ.

ಆ ಯಂತ್ರದ ಮುಂದೆ ಕೂರುವ ಮುನ್ನ ವರ್ಷಗಟ್ಟಲೆ ಬಾಟಲಿ ತೊಳೆದವಳು ನಾನು.

ರಿಪೇರಿಗೆ ಬಂದವರು ನನ್ನ ಗಂಡ. ಲ್ಯಾಬಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ಅವರೇ. ಬೇರೆ ಎರಡು ಕಡೆ ಕೆಲಸ ಮುಗಿಸಿ ಬಂದಿದ್ದರು. ಅಂಗಿಯ ಬೆನ್ನು ಒದ್ದೆಯಾಗಿತ್ತು.

"ಏನಮ್ಮಾ ಮಾಡ್ದೆ ಇದಕ್ಕೆ?"

"ಸ್ವಿಚ್ ಆಫ್ ಮಾಡ್ದೆ. ಕೊಲೆಯಂತೂ ಮಾಡಿಲ್ಲ."

"ಇಲ್ಲಿ ಎರಡೂ ಒಂದೇ."

ಪ್ರಿಂಟರು, ಕೀಬೋರ್ಡು ಒಂದೊಂದೇ ಕಳಚಿ ನೋಡಿದರು. ಪ್ರಯೋಜನವಾಗಲಿಲ್ಲ. ಕೊನೆಗೆ ಪೆಟ್ಟಿಗೆ ಬಿಚ್ಚಿ, ಅಳತೆಯ ಯಂತ್ರದ ತಂತಿ ಸೇರುವ ಕಾರ್ಡನ್ನು ಹೊರಗೆಳೆದರು. ಕಂಪ್ಯೂಟರ್ ಎದ್ದಿತು.

"ಸರಿಹೋಯ್ತಲ್ಲ!" ಎಂದರು ಮುಖ್ಯಸ್ಥೆ.

"ಕಿವಿ ಕಿತ್ತಿಟ್ಟು ಎಬ್ಬಿಸಿದೀನಿ ಮೇಡಂ. ಇನ್ನು ಯಂತ್ರ ಹೇಳೋದು ಇದಕ್ಕೆ ಕೇಳಲ್ಲ. ಕಾರ್ಡ್ ನಡೆಸೋ ಡ್ರೈವರ್ ಸಾಫ್ಟ್‌ವೇರ್‌ದೇ ತಕರಾರು ಅನ್ಸುತ್ತೆ."

ಅವರು ಡ್ರೈವರಿನ ವಿವರ ತೆರೆದರು. ಹಿಂದೆ ನಿಂತಿದ್ದ ನನಗೂ ಅದನ್ನು ಹಾಕಿದ ತಾರೀಖು ಕಂಡಿತು. ಮಗಳಿಗೆ ಜ್ವರ ಏರಿದ ದಿನ ಅದು. ರಜೆ ಹಾಕಿ ಮನೆಯಲ್ಲಿದ್ದ ನನ್ನ ಫೋನಿಗೆ ಅವರು ಇಲ್ಲಿಂದಲೇ ಮನೆಗೆ ಓಡಿಬಂದಿದ್ದರು. ಇಲಿಯ ಮೇಲೆ ಬೆಕ್ಕಿನ ಪಂಜ ನಿಂತಂತೆ ಮೌಸಿನ ಮೇಲೆ ಅವರ ಕೈ ನಿಂತಿತು. ತಿರುಗಿ ನನ್ನನ್ನು ನೋಡಿದರು. ಪರದೆಯ ಮೇಲಿನ ಆ ಕಿಟಕಿ ಮುಚ್ಚಿದರೆ ಮುಗಿಯಿತು: ರಿಪೇರಿಯ ಹೆಸರು ಅವರಿಗೆ, ಬಾಟಲಿಗಳು ನನಗೆ.

ಹೊಸ ಡ್ರೈವರ್ ತೆಗೆದು ಹಳೆಯದನ್ನು ಹಾಕಿ, ಕಾರ್ಡನ್ನು ಮತ್ತೆ ಕೂರಿಸಿ ಕಂಪ್ಯೂಟರ್ ಹಚ್ಚಿದರು. ಬಹಳ ಹೊತ್ತು ತೆಗೆದುಕೊಂಡರೂ ಎದ್ದಿತು.

"ಕೊನೆಗೂ ತೊಂದರೆ ಏನಿತ್ತು?" ಎಂದು ಕೇಳಿದರು ಮುಖ್ಯಸ್ಥೆ.

"ನಾನು," ಎಂದರು ನನ್ನ ಗಂಡ. "ಮಗಳಿಗೆ ಜ್ವರ ಅಂತ ಫೋನ್ ಬಂತು. ಹೊಸ ಡ್ರೈವರ್ ಹಾಕಿದ ಮೇಲೆ ರೀಸ್ಟಾರ್ಟ್ ಮಾಡಿ ನೋಡ್ಬೇಕಿತ್ತು. ನೀವು ಆರಿಸ್ಬೇಡಿ ಅಂದ್ರಿ, ನನಗೂ ಅದೇ ಬೇಕಾಗಿತ್ತು. ಕೆಟ್ಟಿದ್ದು ಅವತ್ತೇ. ಇವಳು ಆರಿಸಿದ್ದಕ್ಕೆ ಗೊತ್ತಾಯ್ತು ಅಷ್ಟೆ."

ಮುಖ್ಯಸ್ಥೆ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಈಗಾದ್ರೂ ಸರಿಯಾಗಿದೆಯಾ?"

"ಇನ್ನೊಮ್ಮೆ ಆರಿಸಿ ನೋಡದೆ ಹೇಳಕ್ಕಾಗಲ್ಲ."

"ಮತ್ತೆ ಆರಿಸ್ಬೇಕಾ?" ಅವರು ಪರದೆಯನ್ನು ನೋಡಿದರು, ಆಮೇಲೆ ನನ್ನನ್ನು. "ಹಾಗಾದ್ರೆ ನೀವೇ ಮಾಡಿ. ನಾಳೆಯೂ ಇದರ ಮುಂದೆ ಕೂರೋರು ನೀವೇ ತಾನೆ?"

ನಾನು ಕೂತು ಆರಿಸಿದೆ. ಮತ್ತೆ ಹಚ್ಚಿದೆ. ಚುಕ್ಕಿಗಳು ಸುತ್ತತೊಡಗಿದವು. ಉಸಿರು ಬಿಗಿಹಿಡಿಯುವಷ್ಟು ಶಕ್ತಿ ಯಾರಲ್ಲೂ ಉಳಿದಿರಲಿಲ್ಲ, ಸುಮ್ಮನೆ ನೋಡಿದೆವು. ಪರದೆ ಪಾಸ್‌ವರ್ಡ್ ಕೇಳಿತು.

ಗೋಡೆಗೊರಗಿ ಕಣ್ಣು ಮುಚ್ಚಿದ್ದ ನನ್ನ ಗಂಡ, "ಇನ್ನೊಂದ್ ಸಲ," ಎಂದರು.

ಮುಖ್ಯಸ್ಥೆ ಬೇಡವೆನ್ನಲಿಲ್ಲ. ನಾನು ಮತ್ತೆ ಆರಿಸಿದೆ.