ಒಬ್ಬರಿದ್ದಾರೆ

"ಸಂಜೆ ನಾನಿರಲ್ಲ," ಎಂದಳು ಹೆಂಡತಿ.

ಬೂಟಿನ ದಾರ ಬಿಗಿಯುತ್ತಿದ್ದವನು ತಲೆಯೆತ್ತಲಿಲ್ಲ. "ಎಲ್ಲಿಗೆ?"

"ಕೇಳ್ಬೇಕು ಅಂತ ಅನ್ನಿಸ್ತಲ್ಲ, ನನ್ ಪುಣ್ಯ."

"ಈಗ ಬಸ್ ತಪ್ಪುತ್ತೆ. ಸಂಜೆ ಮಾತಾಡೋಣ."

"ರೀ, ಅದನ್ನೇ ಹೇಳಿದ್ದು."

ಮಲಗುವ ಕೋಣೆಯ ಬಾಗಿಲು ಮುಚ್ಚಿಕೊಂಡಿತು.

ಬಸ್ಸಿನಲ್ಲಿ ನಿಂತೇ ಫೋನು ತೆರೆದ. ಮನೆಯ ಪ್ರತಿ ಕೋಣೆಗೂ ಅವನು ಸೆನ್ಸರ್ ಕೂರಿಸಿದ್ದ; ಒಳಗೆ ಯಾರಾದರೂ ಇದ್ದರೆ ದೀಪ, ಫ್ಯಾನು, ಕಿಟಕಿಯ ಪರದೆ ಬಟ್ಟೆ ತಾವಾಗಿಯೇ ನಡೆಯುತ್ತಿದ್ದವು. ಅವು ಕಳಿಸಿದ ಅಂಕಿಗಳು ಅವನೇ ಬರೆದ ಜಾವಾಸ್ಕ್ರಿಪ್ಟಿನ ತುಣುಕುಗಳಲ್ಲಿ ಸೋಸಿಕೊಂಡು ಪರದೆಗೆ ಇಳಿಯುತ್ತಿದ್ದವು. ಮಲಗುವ ಕೋಣೆ: ಇಪ್ಪತ್ತೇಳು ಡಿಗ್ರಿ, ಒಬ್ಬರಿದ್ದಾರೆ. ಎದೆ ಹಗುರಾಯಿತು. ಹೆಂಡತಿಯ ಮುಖ ನೋಡಿ ತಿಳಿಯದ್ದು ಇಲ್ಲಿ ತಿಳಿಯುತ್ತದೆಂದು ಅವನು ಎಂದೋ ನಂಬಿಬಿಟ್ಟಿದ್ದ.

ಕಚೇರಿಯಲ್ಲಿ ಪಕ್ಕದ ಮೇಜಿನವನು ಇಣುಕಿದ. "ಏನಯ್ಯಾ ವೈದ್ಯ, ಮತ್ತೆ ಮನೆ ನಾಡಿ ಹಿಡ್ಕೊಂಡು ಕೂತ್ಯಾ?"

"ಸುಮ್ನೆ."

"ಫೋನ್ ಮಾಡಿ ಕೇಳೋಕೇನು ರೋಗ ನಿಂಗೆ?"

"ಇದ್ದಾಳೆ. ತೋರಿಸ್ತಿದೆಯಲ್ಲ."

ಮಧ್ಯಾಹ್ನ ಹೊರಗೆ ಟಾರು ಕರಗುವಂಥ ಬಿಸಿಲು. ಮಲಗುವ ಕೋಣೆ: ಇಪ್ಪತ್ತೇಳು, ಒಬ್ಬರಿದ್ದಾರೆ. ಅಂಕಿ ಕೂದಲೆಳೆಯಷ್ಟೂ ಕದಲಿರಲಿಲ್ಲ.

ಬೆಳಗಿನಿಂದಿನ ಅಂಕಿಗಳ ಗೆರೆಯನ್ನು ಹಿಂದಕ್ಕೆ ಸರಿಸಿ ನೋಡಿದ.

ಹಿಂದೊಮ್ಮೆ ಸಂಪರ್ಕ ಆಗಾಗ ಕಡಿದು, ಅಂಕಿಗಳ ಗೆರೆಯಲ್ಲಿ ಹರಕು ಬೀಳುತ್ತಿತ್ತು. ಆ ಹರಕನ್ನು ನೋಡಲಾರದೆ ಅವನೊಂದು ಸಾಲು ಸೇರಿಸಿದ್ದ: ಸೆನ್ಸರ್ ಉತ್ತರ ಕೊಡದಿದ್ದರೆ ಅದು ಕೊನೆಗೆ ಹೇಳಿದ್ದನ್ನೇ ಮತ್ತೆ ಹೇಳು. ಗೆರೆ ಅಂದಿನಿಂದ ನುಣುಪಾಗಿತ್ತು.

ಹೆಂಡತಿಗೆ ಫೋನು ಮಾಡಿದ. ಗಂಟೆ ಬಾರಿಸಿ ಬಾರಿಸಿ ಸೋತಿತು. ಮತ್ತೆ ಮಾಡಿದ. ಈ ಸಲ ಸ್ವಿಚ್ ಆಫ್.

"ಅರೆ, ಎಲ್ಲಿಗಯ್ಯಾ?" ಎಂದ ಪಕ್ಕದವನು. ಇವನಾಗಲೇ ಮೆಟ್ಟಿಲಿಳಿಯುತ್ತಿದ್ದ.

ಎರಡು ಬಸ್ಸು ಬದಲಿಸಿ, ಟ್ರಾಫಿಕ್ಕಿನಲ್ಲಿ ಗಂಟೆಗಟ್ಟಲೆ ಸಿಕ್ಕಿಕೊಂಡು ಮನೆ ಸೇರುವಾಗ ಹೊತ್ತು ಮುಳುಗುತ್ತಿತ್ತು. ಮಲಗುವ ಕೋಣೆಯ ಕಪಾಟಿನಲ್ಲಿ ಅವಳ ಕಡೆಯ ಅರ್ಧ ಖಾಲಿ. ಸೆನ್ಸರಿನ ಪ್ಲಗ್ಗು ಕಿತ್ತು ನೆಲದ ಮೇಲೆ ಬಿದ್ದಿತ್ತು. ಹೊರಡುವ ಮುಂಚೆ ಅವಳು ಅಲ್ಲಿ ತನ್ನ ಫೋನು ಚಾರ್ಜಿಗೆ ಹಾಕಿರಬೇಕು. ಅಷ್ಟೇ. ಸಿಟ್ಟಿನಿಂದ ಕಿತ್ತದ್ದೂ ಅಲ್ಲ.

ಹಜಾರಕ್ಕೆ ಬಂದು ಲ್ಯಾಪ್‌ಟಾಪ್ ತೆರೆದು ಆ ಸಾಲನ್ನು ಹುಡುಕಿದ. ಅದನ್ನು ಅಳಿಸಿದರೆ ಸಾಕು, ಪರದೆ ನಿಜ ನುಡಿಯುತ್ತದೆ. ಬೆರಳು ಕೀಲಿಯ ಮೇಲೆ ಕೂತಿತು, ಒತ್ತಲಿಲ್ಲ.

ಕತ್ತಲಾಯಿತು. ಮಲಗುವ ಕೋಣೆಯಲ್ಲಿ ದೀಪ ತಾನೇ ಹೊತ್ತಿಕೊಂಡಿತು. ಒಳಗಿರುವ ಒಬ್ಬರಿಗಾಗಿ ಫ್ಯಾನು ಮೆಲ್ಲಗೆ ತಿರುಗತೊಡಗಿತು, ಪರದೆ ಬಟ್ಟೆ ಸರಿದು ಕಿಟಕಿಯನ್ನು ಮುಚ್ಚಿತು.

ಅವನು ಎದ್ದು ಹೋಗಿ, ಸದ್ದಾಗದಂತೆ ಆ ಬಾಗಿಲನ್ನು ಎಳೆದುಕೊಂಡ. ಕೆಳಗಿನ ಸಂದಿಯಿಂದ ಬೆಳಕು ಹರಿದು ಅವನ ಬೂಟುಗಳ ಮೇಲೆ ಬಿತ್ತು.

ಗಂಟಲು ಸರಿಮಾಡಿಕೊಂಡು, ಬಾಗಿಲು ತಟ್ಟಲೆಂದು ಕೈಯೆತ್ತಿದ.